ಬೇಡ ಅಂದವರ ಪಟ್ಟಿ

ನನಗೆ ಕಾಯುವುದಕ್ಕೆ ಆಗುವುದಿಲ್ಲ. ಹೋಟೆಲಿನಲ್ಲಿ ದೋಸೆ ಹೇಳಿ, ಅದು ಬರುವಷ್ಟರಲ್ಲಿ ಇಡ್ಲಿ ತಿಂದು ಎದ್ದುಬರುವವನು ನಾನು. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲೂ ಎಲ್ಲರಿಗಿಂತ ಮೊದಲು ಎದ್ದುಬಂದೆ. ಫಲಿತಾಂಶ ಊರಿಗೇ ಗೊತ್ತು. ಈಗ ಟಿ. ನರಸೀಪುರದಲ್ಲಿ ಲಗೇಜ್ ಆಟೋ ಓಡಿಸುತ್ತೇನೆ. ಇಂಥವನ ಕೈಗೆ ನಮ್ಮಕ್ಕ ಲೋಕದ ಸಂಶೋಧನೆಯನ್ನೆಲ್ಲ ಹುಡುಕುವ ಕೆಲಸ ಕೊಟ್ಟಳು ಅಂದರೆ ತಪ್ಪು ಅವಳದೂ ಸ್ವಲ್ಪ ಇದೆ.

ಅಕ್ಕ ನಂಜನಗೂಡಿನಲ್ಲಿ ನರ್ಸು. ಅದರಲ್ಲೇ ಇನ್ನೂ ದೊಡ್ಡ ಓದು ಓದುತ್ತಿದ್ದಾಳೆ. ತಾಂಡವಪುರದ ಹತ್ತಿರ ಸ್ಕೂಟರಿನಿಂದ ಬಿದ್ದು ಬಲಗೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಿದ್ದಳು; ಕಂಪ್ಯೂಟರಿನ ಕೀ ಒತ್ತಲು ನನ್ನ ಕೈಯೇ ಬೇಕಿತ್ತು. ಶನಿವಾರದೊಳಗೆ ಗೈಡ್ ಮೇಡಂಗೆ ಹುಡುಕಿದ ಲೇಖನಗಳ ಲಿಸ್ಟ್ ಕೊಡದಿದ್ದರೆ ಅವಳ ಒಂದು ವರ್ಷ ಹೋದಂತೆ. ಪ್ರಶ್ನೆ ಇಷ್ಟೇ: ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಜೇನುತುಪ್ಪ ಹಚ್ಚಿದರೆ ಮಾಯುತ್ತದಾ?

"ಅಷ್ಟೇನಾ? ಅಜ್ಜೀನ ಕೇಳಿದ್ರೆ ಹೇಳ್ತಿತ್ತು," ಅಂದೆ.

"ಅಜ್ಜಿ ಒಬ್ಳು ಕಣ್ಲಾ. ಇದುಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಅಂತಾರೆ. ಯಾವ್ ದೇಶದೋರು ಪರೀಕ್ಷೆ ಮಾಡಿ ಏನ್ ಬರ್ದವ್ರೋ, ಒಂದೂ ಬಿಡ್ದಂಗೆ ಹುಡುಕ್ಬೇಕು. ಆಮೇಲೆ ತೂಗ್ಬೇಕು."

ಕಾಯಿಲೆಗೆ ಒಂದು ಮನೆಯಲ್ಲಿ ಶುಗರ್ ಅಂದರೆ ಇನ್ನೊಂದು ಮನೆಯಲ್ಲಿ ಸಕ್ಕರೆ ಕಾಯಿಲೆ ಅನ್ನುತ್ತಾರಲ್ಲ, ಇಂಗ್ಲಿಷಿನಲ್ಲೂ ಹಾಗೇ. ಹುಣ್ಣಿಗೂ ನಾಲ್ಕು ಹೆಸರು. ಹೆಸರುಗಳ ಮಧ್ಯೆ 'ಆರ್', ಅಂದರೆ 'ಅಥವಾ', ಹಾಕಬೇಕು, ಹುಣ್ಣಿಗೂ ಜೇನಿಗೂ ಮಧ್ಯೆ 'ಅಂಡ್' ಹಾಕಬೇಕು. ಅದನ್ನೇ ಕಂಪ್ಯೂಟರಿನಲ್ಲಿ ಲೇಖನ ಕೂಡಿಟ್ಟಿರುವ ಮೂರು ಭಂಡಾರಗಳಲ್ಲಿ ಹುಡುಕಬೇಕು. ಎರಡು ಕಡೆ ಒಂದೇ ಲೇಖನ ಬಂದರೆ ಒಂದನ್ನು ಬಿಡಬೇಕು. ಎಲ್ಲಿ, ಯಾವ ದಿನ, ಯಾವ ಪದ ಹಾಕಿ ಹುಡುಕಿದೆ, ಯಾವುದನ್ನು ಯಾಕೆ ಬಿಟ್ಟೆ, ಎಲ್ಲ ಬರೆದಿಡಬೇಕು. ಆಟೋ ಓಡಿಸುವಾಗ ಎಷ್ಟು ಸಲ ಹಾರನ್ ಹೊಡೆದೆ ಅಂತ ಬರೆದಿಡು ಅಂದ ಹಾಗಿತ್ತು.

ಗುರುವಾರ ಅಕ್ಕ ಕೈ ತೋರಿಸಲು ಆಸ್ಪತ್ರೆಗೆ ಹೋದಳು. ಮುಡುಕುತೊರೆಯಿಂದ ಬಾಳೆಗೊನೆ ಬಾಡಿಗೆಗೆ ಫೋನಿನ ಮೇಲೆ ಫೋನು. ನನ್ನ ಇಂಗ್ಲಿಷಿನಲ್ಲಿ ಬಹಳ ಗಟ್ಟಿಯಾಗಿರುವ ಪದ 'ನೋ'. ಜೇನು ಹಚ್ಚಿ ವ್ಯತ್ಯಾಸ ಆಗಲಿಲ್ಲ ಅಂತ ಎಲ್ಲೆಲ್ಲಿ 'ನೋ' ಕಂಡಿತೋ, ಲೋಡಿನಿಂದ ಕೊಳೆತ ಗೊನೆ ಎತ್ತಿಹಾಕುವ ಹಾಗೆ ತೆಗೆದುಹಾಕಿದೆ. ಬೇಗ ಮುಗಿಯಿತು. ನನಗೇ ನನ್ನ ಮೇಲೆ ಗೌರವ ಬಂತು.

ಅಕ್ಕ ಬಂದು ನೋಡಿದಳು. "ಲೇ, ಇಲ್ಲಿರೋರೆಲ್ಲ ಜೇನು ಒಳ್ಳೇದು ಅಂದೋರೇ ಅವ್ರೆ. ಇಲ್ಲ ಅಂದೋರು ಎಲ್ಲಿ?"

"ತಗ್ದಾಕ್ದೆ ಕಣಕ್ಕ. ವಾಸಿ ಆಗ್ನಿಲ್ಲ ಅನ್ನೋರ್ನ ಮಡಿಕಂಡು ಏನ್ ಮಾಡ್ತೀಯಾ?"

"ನಾಳೆ ಹುಣ್ಣಿಗೆ ಜೇನು ಹಚ್ಚೋಳು ನಾನು. ವಾಸಿ ಆಗ್ದೆ ಆ ಮನ್ಷ ಕಾಲು ಕಳ್ಕಂಡ್ರೆ ನೀನು ಆಟೋದಲ್ಲಿ ಹೊತ್ಕಂಡ್ ತಿರುಗ್ತೀಯಾ?" ಅಂದಳು. "ಹೆಣ್ ನೋಡಕ್ ಹೋದಾಗ್ಲೂ ನಿಂದು ಇದೇ ಕತೆ. ಬ್ಯಾಡ ಅಂದೋರ್ ಹೆಸ್ರೇ ಎತ್ತಲ್ಲ. ಹುಲ್ಲಹಳ್ಳಿಯೋರು ಯಾಕ್ ಬ್ಯಾಡ ಅಂದ್ರು ಅಂತ ಒಂದಿನನಾದ್ರೂ ಕೇಳಿದ್ದೀಯಾ?"

ತೆಗೆದುಹಾಕಿದ್ದನ್ನು ನಾನು ಬರೆದಿಟ್ಟಿರಲಿಲ್ಲ. ಶುಕ್ರವಾರ ಮತ್ತೆ ಮೊದಲಿನಿಂದ ಶುರು. ಬಾಳೆಗೊನೆ ಬೇರೆಯವನ ಆಟೋ ಹತ್ತಿತು. ನನ್ನ ಮಂಡಿ ಕುಣಿಯುತ್ತಲೇ ಇತ್ತು; ಅಕ್ಕ ಪಟ್ಟಿ ಹಾಕಿದ ಕೈಯನ್ನೇ ಅದರ ಮೇಲೆ ಭಾರ ಹಾಕಿ ಇಟ್ಟಳು. ಕತ್ತಲಾಗುವಷ್ಟರಲ್ಲಿ 'ನೋ' ಅಂದವರೆಲ್ಲ ವಾಪಸು ಬಂದರು. ಶನಿವಾರ ಮೇಡಂ ಲಿಸ್ಟ್ ಒಪ್ಪಿದರು.

ಭಾನುವಾರ ಸುಮ್ಮನೆ ಕೂರಲಾಗದೆ, ನಮ್ಮ ಕಡೆಯಿಂದ ಮಾತಾಡಿದ್ದ ಸೋದರಮಾವನಿಗೆ ಫೋನ್ ಮಾಡಿ, ನನ್ನನ್ನು ಬೇಡ ಅಂದ ಆರು ಮನೆಯವರ ಕಾರಣ ಕೇಳಿ ಬರೆದುಕೊಂಡೆ. ಕಲಿತ ವಿದ್ಯೆಯಂತೆ, ಒಂದೇ ಆಗಿದ್ದವನ್ನು ಹೊಡೆದುಹಾಕುತ್ತ ಹೋದೆ. ಕೊನೆಗೆ ಉಳಿದದ್ದು ಒಂದೇ ಸಾಲು: ಹುಡುಗ ಕಾಫಿ ಬರೋವರೆಗೂ ಕೂರಲಿಲ್ಲ.

ನಿಜ ಹೇಳಬೇಕೆಂದರೆ ಅದು ಐದು ಮನೆಯವರ ಕಾರಣ. ಆರನೆಯವರದ್ದನ್ನು ಕೇಳಿ ಸಂಜೆ ಹೇಳುತ್ತೇನೆ ಅಂದಿದ್ದರು ಮಾವ. ಸಂಜೆವರೆಗೆ ಯಾರು ಕಾಯುತ್ತಾರೆ ಅಂತ ಪಟ್ಟಿ ಮುಗಿಸಿ ಆಟೋ ಹತ್ತಿದೆ.