ಐದನೇ ಭಾಗ ಓದಬೇಕೋ ಬೇಡವೋ

ಒಂದು ಪುಸ್ತಕವನ್ನು ಅರ್ಧಕ್ಕೆ ಬಿಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಂಬಿದ್ದೆ. ಮಧುಗಿರಿಯಲ್ಲಿದ್ದುಕೊಂಡು ಹಾಗೆ ನಂಬಿದ್ದು ನನ್ನದೇ ತಪ್ಪು. ಇಲ್ಲಿ ನಾನು ಕೈಗೆತ್ತಿಕೊಂಡ ಯಾವ ಕೆಲಸವೂ ನನ್ನೊಬ್ಬಳದಾಗಿ ಉಳಿದದ್ದೇ ಇಲ್ಲ. ಪುಸ್ತಕವೆಂದರೆ ಒಂದಲ್ಲ, ಒಂಬತ್ತು ಭಾಗ. ಮಂತ್ರದ ಕತ್ತಿ, ಮಾತಾಡುವ ಕಾಡು, ಮೂರು ಲೋಕಗಳ ಜಗಳ. ಒಂದೊಂದೂ ಇಟ್ಟಿಗೆ ಗಾತ್ರ. ನಾಲ್ಕು ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ದಸರಾ ರಜೆಯನ್ನೂ ಇದಕ್ಕೇ ಸುರಿಯಬೇಕೇ ಎಂಬುದೊಂದೇ ಪ್ರಶ್ನೆ.

೧. ಕೊಟ್ಟವರನ್ನೇ ಕೇಳಿದ್ದು

ಪೆಟ್ಟಿಗೆ ಸಮೇತ ಪುಸ್ತಕ ಕೊಟ್ಟವರು ನಮ್ಮ ಶಾಲೆಯಿಂದ ಶಿರಾಕ್ಕೆ ವರ್ಗವಾದ ಗಣಿತದ ಮೇಷ್ಟರು. ಫೋನ್ ಮಾಡಿದೆ.

"ಸಾರ್, ತಲೆ ಕೆಟ್ಟುಹೋಗಿದೆ. ನಲವತ್ತು ಜನ ರಾಜರು. ಯಾರು ಯಾರ ಮೇಲೆ ಯಾಕೆ ಯುದ್ಧ ಮಾಡ್ತಿದ್ದಾರೋ ಅವರಿಗೇ ಗೊತ್ತಿಲ್ಲ."

"ಸ್ವಲ್ಪ ತಡ್ಕೊಳ್ಳಿ ಮೇಡಂ. ಐದನೇ ಭಾಗದಿಂದ ತುಂಬಾ ಚೆನ್ನಾಗಿದೆಯಂತೆ."

"ಅಂತೆ ಅಂದ್ರೆ? ನೀವು ಓದಿಲ್ವಾ?"

"ನಾನು ಎರಡಕ್ಕೇ ನಿಲ್ಲಿಸಿಬಿಟ್ಟೆ. ಅದಕ್ಕೇ ಅಲ್ವಾ ನಿಮಗೆ ಕೊಟ್ಟಿದ್ದು!"

೨. ಬಸ್ಸಿನಲ್ಲಿ

ಕೊಡಿಗೇನಹಳ್ಳಿ ಬಸ್ಸಿನಲ್ಲಿ ಕೂತು, ನಾಲ್ಕನೇ ಭಾಗದ ಕೊನೆಯಲ್ಲಿದ್ದ ವಂಶವೃಕ್ಷಕ್ಕೂ ಓದುತ್ತಿದ್ದ ಪುಟಕ್ಕೂ ಓಡಾಡುತ್ತಿದ್ದೆ. ಪಕ್ಕದಲ್ಲಿದ್ದ ಕುರಿ ಸಾಕುವ ಯಜಮಾನರಿಗೆ ತಡೆಯಲಾಗಲಿಲ್ಲ.

"ಅದೇನಮ್ಮ ಅಂಗೆ ಹಿಂದ್ಕೂ ಮುಂದ್ಕೂ ತಿರುವ್ತಿದ್ದೀಯ?"

"ಜನ ಜಾಸ್ತಿ ಯಜಮಾನ್ರೇ. ಯಾರ ಮಗ ಯಾರು ಅಂತ ನೆನಪಿರಲ್ಲ."

"ನಂತಾವ ಇನ್ನೂರು ಕುರಿ ಅವೆ. ಯಾವುದರ ಮರಿ ಯಾವುದು ಅಂತ ಮೊಕ ನೋಡೇ ಹೇಳ್ತೀನಿ."

ಹದಿನೆಂಟು ವರ್ಷ ಪಾಠ ಹೇಳಿದವಳಿಗೆ ಅವಮಾನವಾಯಿತು. "ಅದು ಹೆಂಗೆ?" ಎಂದೆ.

"ನೆಪ್ಪಲ್ಲಿ ನಿಲ್ದೇ ಇದ್ದವನ್ನ ಸಂತೇಲಿ ಮಾರ್ಬುಡ್ತೀನಿ ಕಣಮ್ಮ."

೩. ನಾನೇ ಮುಗಿಸಿದ ಕತೆ

ನಿಜವಾದ ತೊಡಕು ಮನೆಯಲ್ಲಿತ್ತು. ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಹೊತ್ತು ಹೋಗಲೆಂದು ಇದೇ ಕತೆಯನ್ನು ಗಟ್ಟಿಯಾಗಿ ಓದಿದ್ದೆ. ಕಣ್ಣು ಸರಿಹೋಯಿತು, ಕತೆ ಕೇಳುವ ಚಟ ಮಾತ್ರ ಹೋಗಲಿಲ್ಲ. ದಿನಾ ಸಂಜೆ ಕಡಲೆಕಾಯಿ ಬಿಡಿಸುತ್ತಾ ಕೂತು ಕಾಯುತ್ತಿದ್ದರು. ನಾಲ್ಕನೇ ಭಾಗ ಮುಗಿದ ಸಂಜೆ ಗಟ್ಟಿ ಮನಸ್ಸು ಮಾಡಿ ಹೇಳಿಬಿಟ್ಟೆ.

"ಅಲ್ಲಿಗೆ ಆ ಹುಡುಗ ರಾಜ ಆದ, ಎಲ್ಲರೂ ಸುಖವಾಗಿದ್ರು. ಕತೆ ಮುಗೀತು ಅತ್ತೆ."

ಅತ್ತೆ ಕಪಾಟಿನಲ್ಲಿದ್ದ ಇನ್ನೈದು ಪುಸ್ತಕ ನೋಡಿದರು.

"ಅಂಗಾದ್ರೆ ಅವುಗಳಲ್ಲಿ ಏನೈತೆ? ಪಟ್ಟ ಕಟ್ಟಿದ್ದಕ್ಕೆ ಊಟ ಹಾಕ್ಸೋದಾ?"

೪. ನಾಗಲಮಡಿಕೆಯಲ್ಲಿ

ಸುಳ್ಳು ಸಿಕ್ಕಿಬಿದ್ದ ಮೇಲೆ ನಿಜ ಹೇಳಿದೆ. ಆ ಹುಡುಗನ ಕಷ್ಟ ಮುಗಿಯುವುದೇ ಇಲ್ಲ, ನನಗೆ ಓದಿ ಓದಿ ಸಾಕಾಗಿದೆ ಎಂದೆ. ಅತ್ತೆ ಕಾರಣ ಕಂಡುಹಿಡಿದೇಬಿಟ್ಟರು.

"ಮೊದಲ್ನೇ ಪುಸ್ತಕದಲ್ಲೇ ರೆಕ್ಕೆ ಹಾವು ಹೊಡ್ದವ್ನೆ. ಸರ್ಪದೋಷ ಕಣಮ್ಮ! ಪೂಜೆ ಮಾಡಿಸ್ದೆ ಇನ್ನೆಷ್ಟು ಓದಿದ್ರೂ ಅಷ್ಟೇಯ."

"ಅತ್ತೆ, ಅದು ಕತೆ!"

"ಕತೇನೋ ನಿಜಾನೋ, ಆರು ತಿಂಗಳಿಂದ ನಮ್ಮನೇಲೇ ಅವ್ನೆ."

ಒಂದು ಪೂಜೆಗೆ ಈ ಪೀಡೆ ತೊಲಗುವುದಾದರೆ ತೊಲಗಲಿ ಎಂದು ರಜೆಯ ಮೊದಲ ದಿನವೇ ಅತ್ತೆಯ ಜೊತೆ ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ನಾಗಲಮಡಿಕೆ. ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದರು. ಅತ್ತೆ ಕತೆಯ ಹುಡುಗನ ಹೆಸರನ್ನೇ ಹೇಳಿದರು, "ವೆಲ್ಡೋರಿನ್" ಎಂದು, ಒಂದಕ್ಷರ ತಪ್ಪದೆ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಗೋತ್ರ?"

"ಅವ್ರಪ್ಪ ಯಾರು ಅಂತ ಇನ್ನೂ ಹೇಳಿಲ್ಲ ಸ್ವಾಮಿ."

ಅರ್ಚಕರು ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ವಾಪಸು ಹಾಕಿದರು. "ನಕ್ಷತ್ರ?"

ಅತ್ತೆ ನನ್ನ ಕಡೆ ತಿರುಗಿದರು. ಸಾಲಿನಲ್ಲಿ ಹಿಂದಿದ್ದವರು ತೆಲುಗಿನಲ್ಲಿ ಗೊಣಗತೊಡಗಿದರು. "ನಾಲ್ಕನೇ ಭಾಗದವರೆಗೂ ಬಂದಿಲ್ಲ" ಎಂದೆ, ತಲೆ ತಗ್ಗಿಸಿ.

"ಸರಿಯಾಗಿ ತಿಳ್ಕೊಂಡು ಬನ್ನಿ. ಒಂದು ಗಂಟೆಗೆ ಬಾಗಿಲು ಹಾಕ್ತೀವಿ" ಎಂದು ಅವರು ಮುಂದಿನವರನ್ನು ಕರೆದರು.

ಸದ್ಯ, ಬಿಡುಗಡೆಯಾಯಿತು ಎಂದುಕೊಂಡು ಹೊರಗೆ ಬಂದೆ. ಅತ್ತೆ ಕಂಬದ ಪಕ್ಕ ನನ್ನನ್ನು ಕೂರಿಸಿ, ಚೀಲದಲ್ಲಿ ತೆಂಗಿನಕಾಯಿಯ ಕೆಳಗಿಂದ ಐದನೇ ಭಾಗ ಎಳೆದು ನನ್ನ ತೊಡೆ ಮೇಲಿಟ್ಟರು.

"ಈಗಿನ್ನೂ ಹನ್ನೊಂದು ಗಂಟೆ. ಬಿರ್ರನೆ ಓದು."