ಮಿದುಳಿಗೊಂದು ಗರಡಿಮನೆ

ಮರೆವು ಶುರುವಾಗಿದೆಯೆಂದು ಮೊದಲು ತಿಳಿಯುವುದು ಮರೆತವನಿಗಲ್ಲ, ಅವನ ಹೆಂಡತಿಗೆ. ಒಂದು ಮುಂಜಾನೆ "ಚಹಾ ಆಗಿಲ್ಲೇನು?" ಎಂದು ಕೇಳಿದೆ. ಮಹಾದೇವಿ ನನ್ನ ಮುಂದಿದ್ದ ಖಾಲಿ ಕಪ್ಪು ತೋರಿಸಿದಳು. ನಕ್ಕುಬಿಟ್ಟೆ, ಆದರೆ ಒಳಗೇ ಹೆದರಿದೆ. ಅಪ್ಪ ಕೊನೆಗಾಲದಲ್ಲಿ ನನ್ನನ್ನೇ "ನೀವು ಯಾವೂರವರ್ರಿ?" ಎಂದು ಕೇಳಿದ್ದರು. ಅದೊಂದು ಮಾತ್ರ ಮರೆಯುವುದಿಲ್ಲ.

ನಾನು ಮನಶ್ಶಾಸ್ತ್ರ ಓದಿದವನು. ಮಿದುಳು ಚುರುಕು ಮಾಡುವ ಮೊಬೈಲ್ ಆಟಗಳೆಂದರೆ ಉರಿದುಬೀಳುತ್ತಿದ್ದೆ. "ಆಟ ಆಡಿದರ ಆ ಆಟ ಬರ್ತದ, ಬುದ್ಧಿ ಎಲ್ಲಿಂದ ಬರ್ತದಲೇ? ಕೇರಂ ಆಡಿದವಗ ಸಂಸಾರ ಮಾಡಾಕ ಬರ್ತದೇನು?" ಎಂದು ಗೆಳೆಯರ ತಲೆ ತಿನ್ನುತ್ತಿದ್ದೆ. ಆ ವಾರವೇ ಕದ್ದು ಅಂಥದೊಂದು ಆಟ ಇಳಿಸಿಕೊಂಡೆ. ನಾಸ್ತಿಕರು ಹರಕೆ ಹೊರುವುದೂ ಹೀಗೆಯೇ ಇರಬೇಕು, ಯಾರೂ ನೋಡದಾಗ.

ತೆರೆಯ ಮೇಲೆ ಹಣ್ಣುಗಳು ಮಿಂಚಿ ಮಾಯವಾಗುತ್ತವೆ. ಯಾವ ಹಣ್ಣು ಯಾವ ಚೌಕದಲ್ಲಿತ್ತೆಂದು ಹೇಳಬೇಕು. ಬಾಗಲಕೋಟೆಯಿಂದ ಇಳಕಲ್ಲಿಗೆ, ಹೆಂಡತಿಯ ಅಕ್ಕನ ಮನೆಗೆ ಹೊರಟ ದಿನ ಬಸ್ಸಿನಲ್ಲೂ ಅದೇ ಧ್ಯಾನ. ಮಹಾದೇವಿ ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಅಮೀನಗಡ ಬಂತು. "ಕರದಂಟು ತಗೊಂಡು ಬರ್ತೀನಿ, ಅಲ್ಲೀತನಕ ಬಸ್ಸು ನಿಲ್ಲಸ್ರಿ" ಎಂದು ಹಿಂದೆ ತಿರುಗಿ ನನಗೆ ಹೇಳಿ ಇಳಿದಳು. ಹೂಂ ಅಂದೆ. ಆಮೇಲೆ ಕಂಡಕ್ಟರ್ "ಯಾರರೆ ಉಳದಾರೇನ್ರಿ?" ಎಂದು ಕೂಗಿದ. ಸೀತಾಫಲ ಎಲ್ಲಿತ್ತೆಂದು ಹುಡುಕುತ್ತಿದ್ದ ನಾನು "ಇಲ್ಲ, ಹೊಡೀರಿ!" ಎಂದೆ. ದಾರಿಯಲ್ಲಿ ಯಾವುದೋ ಫೋನು ಬಂತು. ಏಕಾಗ್ರತೆ ಕೆಡುತ್ತದೆಂದು ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ.

ಹುನಗುಂದದಲ್ಲಿ ತಲೆಯೆತ್ತಿದಾಗ ಮುಂದಿನ ಸೀಟಿನಲ್ಲಿ ಅವಳ ಚೀಲವೊಂದೇ ಕೂತಿತ್ತು. ಚೀಲ ಎತ್ತಿಕೊಂಡು ಇಳಿದೆ. ಫೋನು ಮಾಡಿದರೆ ಈ ಸಲ ಅವಳು ಕಟ್ ಮಾಡಿದಳು. ಅಲ್ಲೇ ಕಾದೆ. ಹಿಂದೆ ಬಂದ ಬಸ್ಸಿನಿಂದ ಅವಳು ಇಳಿದು, ಕರದಂಟಿನ ಡಬ್ಬಿ ನನ್ನ ಕೈಗಿಟ್ಟು, ತಣ್ಣಗೆ ಕೇಳಿದಳು: "ಎಷ್ಟ ಮಾರ್ಕ್ಸ್ ಬಿದ್ದುವ್ರಿ?"

"ನೂರಕ್ಕ ತೊಂಬತ್ತಾರು" ಎಂದೆ. ಸುಳ್ಳು ಹೇಳುವಷ್ಟು ಬುದ್ಧಿಯೂ ಆಗ ಉಳಿದಿರಲಿಲ್ಲ.

"ಉಳದ ನಾಕು ನಾನs ಇರಬೇಕು" ಎಂದಳು.

ಇಳಕಲ್ಲಿನಿಂದ ಮರಳಿ ಬರುವಾಗ ಮೊಬೈಲು ಕಿಸೆಯಿಂದ ಹೊರಗೆ ಬರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಎದ್ದು ಕೂಗಿದೆ: "ತಡೀರಿ! ನಮ್ಮ ಮನಿಯವರು ಬಂದಿಲ್ಲ!" ಡ್ರೈವರ್ ಇಂಜಿನ್ ಬಂದ್ ಮಾಡಿದ. ಎಲ್ಲರೂ ಕಾದರು.

ಮುಂದಿನ ಸೀಟಿನಿಂದ ಪರಿಚಿತ ಮುಖವೊಂದು ಹೊರಳಿತು. "ನಾ ಇಳದs ಇಲ್ಲರೀ. ಸುಮ್ಮನ ಕೂಡ್ರಿ."

ಕೂತೆ. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಮುಖ ಎಲ್ಲಿಡಬೇಕೋ ತಿಳಿಯದೆ ಮೊಬೈಲು ತೆಗೆದೆ.