ಕೋಳಿಯ ಜುಟ್ಟಿಗೆ ಅರಿಶಿನ

ಸ್ವಂತ ತಲೆಯ ಮೇಲೆ ಬಾಚಣಿಗೆಗೆ ಕೆಲಸವಿಲ್ಲದವನು ಪರರ ಜುಟ್ಟಿನ ಉಸಾಬರಿಗೆ ಹೋಗಬಾರದು. ನಾನು ಹೋದೆ, ಅದೂ ಕೋಳಿಯ ಜುಟ್ಟಿನ ಉಸಾಬರಿಗೆ. ಹಿಂದೂಪುರದ ನಮ್ಮ ಹಿತ್ತಿಲಲ್ಲಿ ಆಗ ಕೆಲವು ಕೋಳಿಗಳೂ ಒಂದು ಹುಂಜವೂ ಇದ್ದವು. ಹುಂಜದ ಆಯುಸ್ಸು ಭಾನುವಾರದವರೆಗೆ ಎಂದು ನಾನೇ ತೀರ್ಮಾನಿಸಿದ್ದೆ. ಅವತ್ತು ಕಂಬದೂರಿನಿಂದ ಅಕ್ಕನ ಗಂಡ, ನಮ್ಮ ಬಾವ, ಬರುವವರಿದ್ದರು. ಹಿಂದಿನ ಸಲ ಬದನೆಕಾಯಿ ಗೊಜ್ಜು ಉಂಡು ಹೋದವರು ಆ ಅವಮಾನವನ್ನು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲೆಲ್ಲ ಸಾರಿದ್ದರು. ಈ ಸಲವೂ ಕೋಳಿ ಸಾರಿಲ್ಲದಿದ್ದರೆ ತವರಿನ ಕಡೆ ತಲೆಯಿಟ್ಟೂ ಮಲಗುವುದಿಲ್ಲವೆಂದು ಅಕ್ಕ ಹೇಳಿ ಕಳಿಸಿದ್ದಳು.

ಶುಕ್ರವಾರ ಬೆಳಿಗ್ಗೆ ಕೆಂಪು ಕೋಳಿಯ ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಕಂಡಿತು. ನಮ್ಮ ಮನೆಯ ಹೈಕೋರ್ಟಾದ ದೊಡ್ಡಮ್ಮ ಬಗ್ಗಿ ನೋಡಿ, "ಅಮ್ಮ ಬಂದವ್ಳೆ ಕಣ್ಲಾ. ಇನ್ನು ಒಗ್ಗರಣೆ ಹಾಕಂಗಿಲ್ಲ, ಮಾಂಸದ ಮಾತೂ ಎತ್ತಂಗಿಲ್ಲ," ಎಂದು ತೀರ್ಪು ಕೊಟ್ಟಳು. ಸಿಡುಬು ಎದ್ದ ಮನೆಯ ಪಥ್ಯ ಅದು. ಮನುಷ್ಯರಿಗಾದರೇನು, ಕೋಳಿಗಾದರೇನು, ಅಮ್ಮ ಅಮ್ಮನೇ.

ನಾನು ಬಿಡುವೆನೇ? ಕೋಳಿಯನ್ನು ಚೀಲಕ್ಕೆ ಹಾಕಿ, ತಲೆಯನ್ನಷ್ಟೇ ಹೊರಗಿಟ್ಟು, ಸೈಕಲ್ಲಿಗೆ ತೂಗುಹಾಕಿಕೊಂಡು ದನದ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ನಮ್ಮಿಬ್ಬರಲ್ಲಿ ಗಾಂಭೀರ್ಯ ಕಾಪಾಡಿಕೊಂಡಿದ್ದು ಕೋಳಿಯೇ. ಡಾಕ್ಟರು ಅದರ ಕಣ್ಣು, ಕೊಕ್ಕಿನ ಸುತ್ತ ಬೆರಳಾಡಿಸಿದರು. "ಅಮ್ಮೋರಾಗಿದ್ರೆ ಇಲ್ಲೆಲ್ಲ ನರಹುಲಿ ಥರ ಗುಳ್ಳೆ ಏಳ್ತಿದ್ವು. ಇದು ಏಮೀ ಲೇದು ಸ್ವಾಮಿ, ಏನೂ ಇಲ್ಲ, ಹುಂಜ ಕುಕ್ಕಿರೋ ಗಾಯ. ರಕ್ತ ಕಂಡ್ರೆ ಮಿಕ್ಕವೂ ಕುಕ್ತವೆ, ಬೇರೆ ಮಂಕರಿ ಕೆಳಗೆ ಮುಚ್ಚಿಡಿ. ಗಾಯ ತೊಳ್ದು, ಬೇವಿನೆಣ್ಣೇಲಿ ಅರಿಶಿನ ಕಲಸಿ ಹಚ್ಚಿ."

ಕುಕ್ಕಿದ್ದು ಹುಂಜ! ಅಪರಾಧಿಯೇ ಭಾನುವಾರದ ಸಾರಿಗೆಂದು ಗೊತ್ತಾಗಿದ್ದವನು. ಇಷ್ಟು ಚುರುಕಾದ ನ್ಯಾಯ ಯಾವ ಕೋರ್ಟಿನಲ್ಲಿದೆ? ಆ ಹುರುಪಿನಲ್ಲಿ ಮನೆಗೆ ಬಂದು ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿದೆ. ಕೋಳಿ ಕೃತಜ್ಞತೆಯಿಂದ ನನ್ನ ಮೂಗಿನ ತುದಿ ಕುಕ್ಕಿತು. ಬಟ್ಟಲಲ್ಲಿ ಉಳಿದದ್ದನ್ನು ಅಲ್ಲಿಗೂ ಹಚ್ಚಿಕೊಂಡೆ.

"ಅಮ್ಮ ಅಲ್ವಂತೆ ದೊಡ್ಡಮ್ಮ, ಡಾಕ್ಟ್ರೇ ಹೇಳಿದ್ರು," ಎಂದೆ.

"ಅಮ್ಮ ಅಲ್ದಿದ್ರೆ ಬೇವು, ಅರಿಶಿನ ಯಾಕ್ ಹೇಳ್ತಿದ್ದ? ನೀನು ಎದ್ರುಕೋತೀಯ ಅಂತ ಸುಳ್ಳೇಳವ್ನೆ ಕಣಪ್ಪ."

ನಾನು ಬಟ್ಟಲು ಒಳಗಿಟ್ಟು ಬರುವಷ್ಟರಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಏರಿತ್ತು.

ಭಾನುವಾರ ಬಾವ ಬಂದರು. ಬಾಗಿಲ ಮೇಲಿನ ಬೇವು ನೋಡಿದರು, ನನ್ನ ಹಳದಿ ಮೂಗು ನೋಡಿದರು, ಇಟ್ಟ ಹೆಜ್ಜೆ ಹಿಂದೆಗೆದರು.

"ಬಂದ್ಬುಟ್ಟೈತೇನಯ್ಯಾ ನಿಂಗೆ?"

"ಇಲ್ಲ ಬಾವ, ಇದು ಕೋಳಿಯಿಂದ..."

"ಕೋಳಿಯಿಂದ ಬಂತಾ! ಅಲ್ಲೇ ನಿಂತ್ಕೊಳಯ್ಯಾ, ನಾನ್ ಹೋಯ್ತೀನಿ!"

ಕಡಲೇಕಾಯಿ ಗಂಟನ್ನು ಕಾಂಪೌಂಡಿನ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೇಬಿಟ್ಟರು. ಗಂಟಿನ ಪಕ್ಕಕ್ಕೆ ಹಾರಿ ಕುಳಿತ ಹುಂಜ, ಅವರು ತಿರುವು ದಾಟುವವರೆಗೂ ಕೂಗಿ ಬೀಳ್ಕೊಟ್ಟಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಹಿರಿಯರು ಆಡಿಕೊಂಡದ್ದು ಯಾರನ್ನೋ ನಾನರಿಯೆ. ನಮ್ಮಲ್ಲಿ ಜುಟ್ಟಿಗೆ ಬೇವಿನೆಣ್ಣೆ, ಹೊಟ್ಟೆಗೆ ಮುದ್ದೆ ಮತ್ತು ಒಗ್ಗರಣೆ ಕಾಣದ ಬೇಳೆ. ತಟ್ಟೆ ಇಟ್ಟ ದೊಡ್ಡಮ್ಮ ಕೆಂಪು ಕೋಳಿಯನ್ನು ಮುಚ್ಚಿಟ್ಟ ಮಂಕರಿಯ ಮುಂದೆ ಹಿಡಿ ರಾಗಿ ಚೆಲ್ಲಿ, ಕಣ್ಣುಮುಚ್ಚಿ ಕೈಮುಗಿದಳು. ಅರಿಶಿನ ಒಂದೇ ಬಟ್ಟಲಿನದಲ್ಲವೇ, ನನಗೂ ಕೈಮುಗಿದಾಳು ಎಂಬ ಆಸೆಯಿಂದ ನಾನೂ ಮೂಗು ಮುಂದೆ ಮಾಡಿ ಕುಳಿತೆ.

"ನಿಂದೇನ್ಲಾ? ಮೂಗು ತೊಳ್ಕೊಂಡು ಉಣ್ಣು," ಎಂದಳು.